ಸೀಮೆಸುಣ್ಣದ ಪುಡಿಯಲ್ಲಿ ಬ್ಯಾಲೆ ಹುಡುಗಿಯರು: ಡೆಗಾ ಹೇಗೆ ಬರೆಯುತ್ತಿದ್ದ?

ಮೊದಲು ಒಂದು ಹಾಳೆ ನೋಡೋಣ. ಹೆಚ್ಚುಕಡಿಮೆ ಎ4 ಅಳತೆಯದು, 1873ರಲ್ಲಿ ಬರೆದದ್ದು, ಈಗ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಬ್ಯಾಲೆ ಕುಣಿಯುವ ಹುಡುಗಿಯೊಬ್ಬಳು ಬಗ್ಗಿ ತನ್ನ ಶೂ ಸರಿಮಾಡಿಕೊಳ್ಳುತ್ತಿದ್ದಾಳೆ. ಅಷ್ಟೇ. ಕುಣಿತ ಇಲ್ಲ, ವೇದಿಕೆ ಇಲ್ಲ, ದೀಪ ಇಲ್ಲ. ಪೆನ್ಸಿಲ್ ಗೆರೆಯಲ್ಲಿ ಆಕೃತಿ, ಬೆಳಕು ಬೀಳುವ ಕಡೆ ಮಾತ್ರ ಬಿಳಿ ಸೀಮೆಸುಣ್ಣ. ಕಾಗದ ಆಗ ಗುಲಾಬಿ ಬಣ್ಣದ್ದಾಗಿತ್ತು, ಈಗ ಮಾಸಿ ಹೋಗಿದೆ. ಇನ್ನೊಂದು ವಿಷಯವೂ ಕಣ್ಣಿಗೆ ಬೀಳುತ್ತದೆ. ಚಿತ್ರದ ಮೇಲೆ ಅಡ್ಡಕ್ಕೂ ಉದ್ದಕ್ಕೂ ತೆಳುವಾಗಿ ಗೆರೆ ಎಳೆದು ಚೌಕ ಮಾಡಲಾಗಿದೆ. ಶಾಲೆಯಲ್ಲಿ ಸಣ್ಣ ಚಿತ್ರವನ್ನು ದೊಡ್ಡದು ಮಾಡಬೇಕಾದಾಗ ನಾವೂ ಹೀಗೇ ಚೌಕ ಹಾಕುತ್ತಿದ್ದೆವಲ್ಲ, ಹಾಗೆ.

ಬರೆದವನು ಎಡ್ಗರ್ ಡೆಗಾ. ಹೆಸರಿನ ಕೊನೆಯಲ್ಲಿರುವ ಎಸ್ ಅಕ್ಷರವನ್ನು ಫ್ರೆಂಚರು ಉಚ್ಚರಿಸುವುದಿಲ್ಲ. 1834ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ, 1917ರಲ್ಲಿ ಅಲ್ಲೇ ತೀರಿಕೊಂಡ. ಅವನ ಬ್ಯಾಲೆ ಚಿತ್ರಗಳನ್ನು ಕ್ಯಾಲೆಂಡರ್, ಪೋಸ್ಟರ್, ಚಹಾ ಕಪ್ಪಿನ ಮೇಲಾದರೂ ನೀವು ನೋಡಿರುತ್ತೀರಿ. ಮೋಡದಂಥ ಲಂಗ, ತೆಳ್ಳಗಿನ ಹುಡುಗಿಯರು, ಯಾರೋ ಬಾಗಿಲ ಸಂದಿಯಿಂದ ಇಣುಕಿ ಸರಕ್ಕನೆ ಗೀಚಿಕೊಂಡಂತೆ ಕಾಣುವ ನೋಟ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಆ ಚೌಕಗಳನ್ನು ನೋಡಿದ ಮೇಲೆ ನನ್ನ ನೋಟ ಬದಲಾಯಿತು. ಸರಕ್ಕನೆ ಗೀಚುವವನು ಅಳತೆಯ ಚೌಕ ಹಾಕಿಕೊಂಡು ಕೂರುವುದಿಲ್ಲ ಅಲ್ವಾ? ಅವನು ಒಂದೇ ಭಂಗಿಯನ್ನು ಹತ್ತಾರು ಸಲ ಬರೆದ, ಅಳಿಸಿದ, ತಿರುಗಿಸಿದ, ಮತ್ತೆ ಬರೆದ. ಅದಕ್ಕೆ ಅವನಿಗೆ ಒದಗಿ ಬಂದದ್ದು ಈ ಪುಡಿ, ಅಂದರೆ ಸೀಮೆಸುಣ್ಣ ಮತ್ತು ಅದರ ಬಣ್ಣದ ತಂಗಿಯಾದ ಪೇಸ್ಟಲ್. ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಅರ್ಥವಾದರೆ ಚಿತ್ರವೂ ಬೇರೆಯಾಗಿ ಕಾಣುತ್ತದೆ.

ಸೀಮೆಸುಣ್ಣ ಎಂಬ ನಮ್ಮ ಪದ ಚೆನ್ನಾಗಿದೆ. ಸೀಮೆಎಣ್ಣೆ, ಸೀಮೆಬದನೆ ಇದ್ದ ಹಾಗೆ, ಸೀಮೆಯಿಂದ ಬಂದ ಸುಣ್ಣ. ಆದರೆ ಶಾಲೆಯ ಬೋರ್ಡಿನ ಮೇಲೆ ಬರೆಯುವ ಕಡ್ಡಿ ಬಹುಪಾಲು ಜಿಪ್ಸಮ್‌ನಿಂದ ಮಾಡಿದ್ದು. ಚಿತ್ರಕಾರರು ಬಳಸುತ್ತಿದ್ದದ್ದು ನೆಲದಿಂದ ಅಗೆದು ತೆಗೆದ ನಿಜವಾದ ಕಲ್ಲು. ಬಿಳಿಯದು ಸುಣ್ಣದ ಕಲ್ಲು. ಕೆಂಪು ಬರುವುದು ಕಬ್ಬಿಣದ ಅಂಶ ಇರುವ ಜೇಡಿಯಿಂದ. ಕಪ್ಪು ಬರುವುದು ಇಂಗಾಲ ತುಂಬಿದ ಮೆತ್ತನೆಯ ಪದರಗಲ್ಲಿನಿಂದ. ಅದನ್ನು ಕಡ್ಡಿಯಾಗಿ ಕೊಯ್ದು, ಹಿಡಿಕೆಗೆ ಸಿಕ್ಕಿಸಿ ಬರೆಯುತ್ತಿದ್ದರು. ಯುರೋಪಿನಲ್ಲಿ ಈ ಪದ್ಧತಿ ಡೆಗಾನಿಗಿಂತ ಮುನ್ನೂರು ನಾನೂರು ವರ್ಷ ಹಳೆಯದು.

ಇದರಲ್ಲಿ ಒಂದು ಸರಳ ಉಪಾಯ ಇದೆ. ಬಿಳಿ ಕಾಗದದ ಮೇಲೆ ಬರೆದರೆ ನಿಮ್ಮ ಹತ್ತಿರ ನೆರಳು ಮಾತ್ರ ಇರುತ್ತದೆ. ಬೆಳಕು ಬೇಕಾದ ಕಡೆ ಕಾಗದವನ್ನು ಹಾಗೇ ಬಿಡಬೇಕು. ಅದೇ ಗುಲಾಬಿಯೋ ಹಸಿರೋ ಬೂದುಬಣ್ಣವೋ ಇರುವ ಕಾಗದ ತೆಗೆದುಕೊಂಡರೆ, ಆ ಕಾಗದವೇ ನಡುವಿನ ಛಾಯೆ ಆಗುತ್ತದೆ. ಕಪ್ಪಿನಿಂದ ನೆರಳಿನ ಕಡೆ ಇಳಿಯಬಹುದು, ಬಿಳಿಯಿಂದ ಬೆಳಕಿನ ಕಡೆ ಏರಬಹುದು. ಅರ್ಧ ಕೆಲಸವನ್ನು ಕಾಗದವೇ ಮಾಡಿಕೊಡುತ್ತದೆ. ಬ್ಯಾಲೆ ಲಂಗಕ್ಕೆ ಇದು ಹೇಳಿ ಮಾಡಿಸಿದಂತಿದೆ. ಟುಟು ಅಂದರೆ ಒಳಗಿನದು ಕಾಣುವಂಥ ತೆಳು ಬಟ್ಟೆಯ ಹಲವು ಪದರ. ಬಿಳಿ ಸೀಮೆಸುಣ್ಣವನ್ನು ಒತ್ತದೆ ಸವರಿದರೆ ಕಾಗದದ ತರಿಗೆ ಅಲ್ಲಲ್ಲಿ ಮಾತ್ರ ಅಂಟಿಕೊಂಡು, ಕೆಳಗಿನ ಬಣ್ಣ ಇಣುಕುತ್ತದೆ. ಬಟ್ಟೆಯ ಒಳಗಿಂದ ತೊಡೆ ಇಣುಕಿದ ಹಾಗೇ.

ಗೆರೆಯ ಹುಚ್ಚು ಅವನಿಗೆ ಮೊದಲಿನಿಂದಲೂ ಇತ್ತು. 1855ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಆ ಕಾಲದ ದೊಡ್ಡ ಚಿತ್ರಕಾರ ಆಂಗ್ರನನ್ನು ಭೇಟಿಯಾದ. ಗೆರೆ ಎಳೆಯುತ್ತಿರು, ಎದುರಿಗಿಟ್ಟುಕೊಂಡೂ ಎಳೆ, ನೆನಪಿನಿಂದಲೂ ಎಳೆ, ಎಷ್ಟು ಎಳೆದರೂ ಸಾಲದು ಎಂದು ಆ ಮುದುಕ ಹೇಳಿದನಂತೆ. ಡೆಗಾ ಆ ಮಾತನ್ನು ಕೊನೆಯವರೆಗೂ ಮರೆಯಲಿಲ್ಲ. 1856ರಿಂದ ಮೂರು ವರ್ಷ ಇಟಲಿಯಲ್ಲಿದ್ದು ಹಳೆಯ ಗುರುಗಳ ಚಿತ್ರಗಳನ್ನು ನಕಲು ಮಾಡುತ್ತಾ ಕಳೆದ. ಮುಂದೆ ಇಂಪ್ರೆಷನಿಸ್ಟರು ಎಂಬ ಹೊಸ ಚಿತ್ರಕಾರರ ಗುಂಪಿನ ಎಂಟು ಪ್ರದರ್ಶನಗಳಲ್ಲಿ ಏಳರಲ್ಲಿ ಅವನ ಚಿತ್ರಗಳಿದ್ದವು. ಆದರೂ ತನ್ನನ್ನು ಆ ಹೆಸರಿನಿಂದ ಕರೆಯುವುದು ಅವನಿಗೆ ಇಷ್ಟವಿರಲಿಲ್ಲ. ಬಯಲಿಗೆ ಹೋಗಿ ಬೆಳಕು ಮಾಯವಾಗುವ ಮೊದಲು ಚಿತ್ರ ಮುಗಿಸುವವರು ಅವರು. ಇವನು ಕೋಣೆಯೊಳಗೆ ಕೂತು ನೆನಪಿನಿಂದ ಬರೆಯುವವನು. ನನ್ನದರಷ್ಟು ಯೋಚಿಸಿ ಮಾಡಿದ, ಸಹಜ ಆವೇಶ ಕಡಿಮೆ ಇರುವ ಕಲೆ ಇನ್ನೊಂದಿಲ್ಲ ಎಂಬರ್ಥದ ಅವನ ಮಾತು ಪ್ರಸಿದ್ಧ.

ಪೇಸ್ಟಲ್ ಕಡೆ ಅವನು ವಾಲಿದ್ದಕ್ಕೆ ದುಡ್ಡಿನ ಕಾರಣವೂ ಇತ್ತು. ಅಪ್ಪ ಬ್ಯಾಂಕ್ ವ್ಯವಹಾರದವನು, ಮನೆಯಲ್ಲಿ ಅನುಕೂಲ ಇತ್ತು. 1874ರಲ್ಲಿ ಅಪ್ಪ ತೀರಿಕೊಂಡಾಗ ಸಾಲ ಹೊರಗೆ ಬಂತು. ತಮ್ಮನೂ ಸಾಲ ಮಾಡಿಕೊಂಡಿದ್ದ. ಮನೆ ಮಾರಿದ, ಕೂಡಿಟ್ಟ ಚಿತ್ರಗಳನ್ನು ಮಾರಿದ. ಅಲ್ಲಿಯವರೆಗೆ ಚಿತ್ರ ಮಾರಿಯೇ ಬದುಕಬೇಕು ಎಂಬ ಅಗತ್ಯ ಇರದಿದ್ದವನಿಗೆ ಈಗ ಅದೇ ಹೊಟ್ಟೆಪಾಡಾಯಿತು. ಎಣ್ಣೆಬಣ್ಣ ಒಣಗಲು ದಿನಗಟ್ಟಲೆ ಬೇಕು, ಒಂದು ಪದರ ಒಣಗಿದ ಮೇಲೆ ಇನ್ನೊಂದು. ಪೇಸ್ಟಲ್‌ಗೆ ಒಣಗುವ ಮಾತೇ ಇಲ್ಲ. ಎದ್ದು ಹೋಗಬಹುದು, ಮರುದಿನ ಬಂದು ಅಲ್ಲಿಂದಲೇ ಮುಂದುವರಿಸಬಹುದು. ಇದರ ಜೊತೆ ಕಣ್ಣಿನ ತೊಂದರೆ. 1870ರ ಯುದ್ಧದಲ್ಲಿ ಪ್ಯಾರಿಸ್ ಕಾಯಲು ಸೇರಿಕೊಂಡಾಗ, ಬಂದೂಕು ಗುರಿ ಇಡುವ ತರಬೇತಿಯಲ್ಲಿ ಅದು ಗೊತ್ತಾಯಿತು. ಮುಂದೆ ಬದುಕಿಡೀ ಅದು ಜಾಸ್ತಿಯಾಗುತ್ತಲೇ ಹೋಯಿತು.

ಇನ್ನು ಬ್ಯಾಲೆ ಯಾಕೆ? ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂದು ಬ್ಯಾಲೆ ಅಂದರೆ ದೊಡ್ಡವರ ಮನೆ ಮಕ್ಕಳ ಹವ್ಯಾಸ ಎಂಬ ಭಾವನೆ ಇದೆ. ಆಗಿನ ಪ್ಯಾರಿಸ್ ಒಪೆರಾದಲ್ಲಿ ಕುಣಿಯುತ್ತಿದ್ದ ಹುಡುಗಿಯರಲ್ಲಿ ಬಹಳಷ್ಟು ಜನ ಬಡವರ ಮಕ್ಕಳು. ಬಟ್ಟೆ ಒಗೆಯುವವರ, ದರ್ಜಿಗಳ, ಕಾವಲುಗಾರರ ಹೆಣ್ಣುಮಕ್ಕಳು. ಚಿಕ್ಕ ವಿದ್ಯಾರ್ಥಿನಿಯರನ್ನು ಪೆತಿ ರಾ ಎನ್ನುತ್ತಿದ್ದರು, ಪುಟ್ಟ ಇಲಿಗಳು ಅಂತ. ಏಳೆಂಟು ವರ್ಷಕ್ಕೇ ಸೇರಿಸಿ, ಬೆಳಗಿನಿಂದ ಅಭ್ಯಾಸ, ರಾತ್ರಿ ಪ್ರದರ್ಶನದಲ್ಲಿ ಗುಂಪಿನ ಹಿಂದೆ ನಿಲ್ಲುವುದು. ಪರೀಕ್ಷೆ ಪಾಸಾದರೆ ಒಂದೊಂದೇ ಮೆಟ್ಟಿಲು ಮೇಲೆ. ಕೊನೆಯ ಮೆಟ್ಟಿಲಿನ ಹೆಸರು ಎತ್ವಾಲ್, ಅಂದರೆ ನಕ್ಷತ್ರ. ಅಲ್ಲಿಗೆ ತಲುಪುವವರು ಬೆರಳೆಣಿಕೆಯಷ್ಟು.

ವೇದಿಕೆ ಹಿಂದೆ ಇನ್ನೊಂದು ಲೋಕ ಇತ್ತು. ವರ್ಷದ ಚಂದಾ ಕಟ್ಟಿದ ಶ್ರೀಮಂತ ಗಂಡಸರಿಗೆ ನರ್ತಕಿಯರು ಮೈ ಸಡಿಲಿಸಿಕೊಳ್ಳುವ ಕೋಣೆಗೆ ಹೋಗುವ ಹಕ್ಕಿತ್ತು. ಕರೀ ಕೋಟು, ಎತ್ತರದ ಟೋಪಿ ಹಾಕಿಕೊಂಡು ಅಲ್ಲಿ ನಿಲ್ಲುತ್ತಿದ್ದರು. ಹುಡುಗಿಯರಿಗೆ ಸಂಬಳ ಕಡಿಮೆ, ಇವರ ಕೈಯಲ್ಲಿ ದುಡ್ಡೂ ಪ್ರಭಾವವೂ ಇತ್ತು. ಯಾರನ್ನಾದರೂ ಒಬ್ಬರನ್ನು ಹಿಡಿದುಕೊಂಡರೆ ಮುಂದಿನ ಮೆಟ್ಟಿಲು ಸಲೀಸು. ಇದನ್ನು ತಿಳಿದೇ ಅಮ್ಮಂದಿರು ಮಕ್ಕಳ ಜೊತೆ ಬರುತ್ತಿದ್ದರು, ಕೆಲವರು ಕಾಯಲು, ಕೆಲವರು ವ್ಯವಹಾರ ಕುದುರಿಸಲು. ಇದನ್ನು ಮರೆತು ಡೆಗಾನ ಚಿತ್ರಗಳನ್ನು ನೋಡಿದರೆ ಅರ್ಧ ಮಾತ್ರ ಕಾಣುತ್ತದೆ ಅಂತ ನನ್ನ ಅನಿಸಿಕೆ. ಮೂಲೆಯಲ್ಲಿ ಕತ್ತರಿಸಿಹೋದ ಕಪ್ಪು ಕೋಟು, ಬೆಂಚಿನ ಮೇಲೆ ಛತ್ರಿ ಹಿಡಿದು ಕೂತ ಹೆಂಗಸು, ಇವೆಲ್ಲ ಸುಮ್ನೆ ಬಂದು ಕೂತವರಲ್ಲ.

ಅವನು ಅಲ್ಲೇ ಕೂತು ನೋಡಿ ಬರೆದ ಎಂದೂ ಅಂದುಕೊಳ್ಳಬೇಡಿ. ಹಳೆಯ ಒಪೆರಾ ಕಟ್ಟಡ 1873ರ ಅಕ್ಟೋಬರ್‌ನಲ್ಲಿ ಸುಟ್ಟು ಹೋಯಿತು. ಹೊಸದು, ಈಗ ನಾವು ಪ್ಯಾಲೆ ಗಾರ್ನಿಯೆ ಎಂದು ಕರೆಯುವ ವೈಭವದ ಕಟ್ಟಡ, 1875ರ ಜನವರಿಯಲ್ಲಿ ತೆರೆಯಿತು. ಹಳೆಯದು ಬೂದಿಯಾದ ಮೇಲೂ ಡೆಗಾ ಅದರ ಅಭ್ಯಾಸದ ಕೋಣೆಗಳನ್ನು ಬರೆಯುತ್ತಲೇ ಇದ್ದ. 1874ರ ಒಂದು ಪ್ರಸಿದ್ಧ ಚಿತ್ರದಲ್ಲಿ ಕೋಲು ಹಿಡಿದ ಮುದುಕ ಮೇಷ್ಟ್ರು ನಿಂತಿದ್ದಾನೆ. ಅವನು ಜೂಲ್ ಪೆರೋ, ಒಂದು ಕಾಲದ ಮಹಾನ್ ನರ್ತಕ. ಅಷ್ಟರಲ್ಲಿ ಅವನು ವೇದಿಕೆ ಬಿಟ್ಟು ಬಹಳ ವರ್ಷವಾಗಿತ್ತು. ಅಂದರೆ ಆ ಕೋಣೆಯೂ ಇರಲಿಲ್ಲ, ಆ ಪಾಠವೂ ನಡೆದಿರಲಿಲ್ಲ. ಹುಡುಗಿಯರನ್ನು ತನ್ನ ಸ್ಟುಡಿಯೋಗೆ ಕರೆಸಿ, ದುಡ್ಡು ಕೊಟ್ಟು, ಒಂದೊಂದೇ ಭಂಗಿ ಬರೆದುಕೊಂಡು, ಆಮೇಲೆ ಎಲ್ಲವನ್ನೂ ಕಲ್ಪನೆಯ ಕೋಣೆಯಲ್ಲಿ ಜೋಡಿಸಿದ. ನೃತ್ಯ ಪರೀಕ್ಷೆ ನೋಡಲು ಒಂದು ಪಾಸ್ ಕೊಡಿಸು ಎಂದು ಪರಿಚಯದವನಿಗೆ ಪತ್ರ ಬರೆದಾಗ, ಇಂಥ ಪರೀಕ್ಷೆಗಳನ್ನು ನೋಡದೆಯೇ ಎಷ್ಟೋ ಬರೆದುಬಿಟ್ಟಿದ್ದೇನೆ, ಸ್ವಲ್ಪ ನಾಚಿಕೆಯಾಗುತ್ತಿದೆ ಎಂದು ಒಪ್ಪಿಕೊಂಡಿದ್ದಾನೆ. 1885ರ ಹೊತ್ತಿಗೆ ವೇದಿಕೆ ಹಿಂದೆ ಹೋಗುವ ಅನುಮತಿ ಅವನಿಗೂ ಸಿಕ್ಕಿತು.

ಈಗ ಆ ಚೌಕಗಳ ಗುಟ್ಟು ಬಿಡಿಸಬಹುದು. ಶೂ ಸರಿಮಾಡಿಕೊಳ್ಳುವ ಹುಡುಗಿಯ ಹಾಳೆ ಅವನ ಸಂಗ್ರಹದ ಒಂದು ಬಿಡಿಭಾಗ. ಚೌಕ ಹಾಕಿದ್ದು ಅವಳನ್ನು ದೊಡ್ಡ ಚಿತ್ರಕ್ಕೆ ಸಾಗಿಸಲು. ಇಂಥ ಹಾಳೆಗಳು ಅವನ ಹತ್ತಿರ ರಾಶಿ ಇದ್ದವು. ಮೆಟ್ರೊಪಾಲಿಟನ್‌ನಲ್ಲೇ ಇರುವ ಇನ್ನೊಂದು ಗುಲಾಬಿ ಹಾಳೆಯಲ್ಲಿ, ಕಪ್ಪು ಸೀಮೆಸುಣ್ಣದಲ್ಲಿ ಬರೆದ ಪುಟ್ಟ ಹುಡುಗಿ ಗೋಡೆಯ ಕಂಬಿ ಹಿಡಿದು ಕಾಲು ಪಕ್ಕಕ್ಕೆ ಎತ್ತಿದ್ದಾಳೆ. ಪಕ್ಕದಲ್ಲೇ ಆ ಚಲನೆಯ ಫ್ರೆಂಚ್ ಹೆಸರನ್ನು ಅವನು ತನ್ನ ಕೈಯಲ್ಲೇ ಬರೆದಿಟ್ಟಿದ್ದಾನೆ. ಮೇಷ್ಟ್ರು ತಿದ್ದುವ ಹಾಗೆ ತಾನೂ ಕಲಿತು ತಿದ್ದಿಕೊಳ್ಳಬೇಕಲ್ಲ. ಕಾಲು ಎಷ್ಟು ಹೊರಕ್ಕೆ ತಿರುಗಬೇಕು, ತೂಕ ಎಲ್ಲಿ ನಿಲ್ಲಬೇಕು ಅನ್ನುವುದು ಅವನಿಗೆ ಗೊತ್ತಿತ್ತು. ಕುಣಿಯುವವರು ಇವತ್ತಿಗೂ ಅವನ ಚಿತ್ರಗಳನ್ನು ಮೆಚ್ಚುವುದು ಇದಕ್ಕೇ ಇರಬೇಕು.

ಬರೀ ಕಪ್ಪು ಬಿಳುಪಿನಿಂದ ಬಣ್ಣಕ್ಕೆ ಬರೋಣ. ಪೇಸ್ಟಲ್ ಹೇಗೆ ಮಾಡುತ್ತಾರೆ? ಒಣ ಬಣ್ಣದ ಪುಡಿ, ಅದಕ್ಕೆ ತಿಳಿ ಬೇಕಾದಷ್ಟು ಬಿಳಿ ಸುಣ್ಣದ ಪುಡಿ, ಹಿಡಿದಿಡಲು ಒಂದು ಚೂರು ಗೋಂದಿನ ನೀರು. ಹಿಟ್ಟಿನ ಹಾಗೆ ಕಲಸಿ, ಕಡ್ಡಿ ಹೊಸೆದು ಒಣಗಿಸುತ್ತಾರೆ. ಗೋಂದು ತುಂಬಾ ಕಡಿಮೆ ಇರಬೇಕು, ಇಲ್ಲದಿದ್ದರೆ ಕಡ್ಡಿ ಗಟ್ಟಿಯಾಗಿ ಕಾಗದ ಕೆರೆಯುತ್ತದೆ. ಪ್ಯಾರಿಸ್‌ನಲ್ಲಿ ಆರಿ ರೋಶೆ ಎಂಬವನು ಮಾಡುತ್ತಿದ್ದ ಪೇಸ್ಟಲ್‌ಗಳು ಡೆಗಾನ ಕೈಗೂ ಬಂದಿದ್ದವು.

ಈ ಗೋಂದಿನ ಕೊರತೆಯಲ್ಲೇ ಪೇಸ್ಟಲ್‌ನ ಶಕ್ತಿ ಇದೆ. ಎಣ್ಣೆಬಣ್ಣದಲ್ಲಿ ಪ್ರತಿ ಕಣದ ಸುತ್ತ ಎಣ್ಣೆ ಇರುತ್ತದೆ. ಬೆಳಕು ಅದರೊಳಗೆ ಇಳಿದು, ಬಣ್ಣ ಗಾಢವಾಗಿ, ಹೊಳಪಾಗಿ ಕಾಣುತ್ತದೆ. ಒದ್ದೆ ಮಣ್ಣು ಒಣ ಮಣ್ಣಿಗಿಂತ ಕಪ್ಪಾಗಿ ಕಾಣುವುದೂ ಇದೇ ಕಾರಣಕ್ಕೆ. ಪೇಸ್ಟಲ್‌ನಲ್ಲಿ ಕಣಗಳ ಸುತ್ತ ಇರುವುದು ಬರೀ ಗಾಳಿ. ಬೆಳಕು ಮೇಲೆ ಬಿದ್ದ ತಕ್ಷಣ ಎಲ್ಲ ದಿಕ್ಕಿಗೂ ಚೆದುರುತ್ತದೆ. ಹಾಗಾಗಿ ಮಿರುಗು ಇಲ್ಲದೆಯೂ ಬಣ್ಣ ಒಳಗಿನಿಂದ ಬೆಳಗಿದಂತೆ ಇರುತ್ತದೆ. ವೇದಿಕೆಯ ಗ್ಯಾಸ್ ದೀಪಕ್ಕೆ ಸಿಕ್ಕಿದ ಬಿಳಿ ಲಂಗವನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ವಸ್ತು ಆಗ ಇರಲಿಲ್ಲ ಎಂದೇ ನಾನು ಹೇಳುತ್ತೇನೆ.

ತೊಂದರೆಯೂ ಅಲ್ಲೇ ಇದೆ. ಹಿಡಿತ ಇಲ್ಲದ ಪುಡಿ ಉದುರುತ್ತದೆ. ಬೆರಳು ತಗುಲಿದರೆ ಅಳಿಸುತ್ತದೆ. ಉದುರದಿರಲೆಂದು ಮೇಲೆ ಅಂಟಿನ ದ್ರವ ಚಿಮುಕಿಸಿದರೆ, ಕಣಗಳ ನಡುವಿನ ಗಾಳಿಯ ಜಾಗಕ್ಕೆ ಅಂಟು ಬಂದು ಕೂತು ಬಣ್ಣ ಮಂಕಾಗುತ್ತದೆ. ಉಳಿಸಲು ಹೋದರೆ ಬೆಳಕು ಸಾಯುತ್ತದೆ, ಬೆಳಕು ಬೇಕೆಂದರೆ ಉಳಿಯುವುದಿಲ್ಲ. ಹದಿನೆಂಟನೇ ಶತಮಾನದಲ್ಲಿ ರೊಸಾಲ್ಬಾ ಕಾರಿಯೆರಾ, ಲಾ ತೂರ್ ಮುಂತಾದವರು ಪೇಸ್ಟಲ್‌ನಲ್ಲಿ ಸಿರಿವಂತರ ಮುಖಗಳನ್ನು ಬರೆದು ಹೆಸರು ಮಾಡಿದ್ದರು. ಫ್ರಾನ್ಸಿನ ಕ್ರಾಂತಿಯ ಜೊತೆ ಆ ಸಿರಿವಂತರೂ ಹೋದರು, ಪೇಸ್ಟಲ್ ಕೂಡ ಹಿಂದೆ ಸರಿಯಿತು. ಅದು ಮತ್ತೆ ಎದ್ದು ಬಂದದ್ದು ಡೆಗಾನ ಕಾಲದಲ್ಲಿ. ಆದರೆ ಹಳಬರು ಬೆರಳಿನಿಂದ ಉಜ್ಜಿ ಉಜ್ಜಿ ಕೆನ್ನೆಯಂತೆ ನಯ ಮಾಡುತ್ತಿದ್ದರು. ಇವನು ಗೆರೆಯನ್ನು ಗೆರೆಯಾಗಿಯೇ ಬಿಟ್ಟ.

ಇಲ್ಲಿ ಒಂದು ಮಾತು. ಪೇಸ್ಟಲ್ ಚಿತ್ರ ರೇಖಾಚಿತ್ರವೋ ವರ್ಣಚಿತ್ರವೋ ಎಂಬ ಚರ್ಚೆ ಪಶ್ಚಿಮದಲ್ಲಿ ಇದೆ. ಅವರಿಗೆ ಎರಡಕ್ಕೂ ಬೇರೆ ಬೇರೆ ಕ್ರಿಯಾಪದ. ಕನ್ನಡದಲ್ಲಿ ನಾವು ಎರಡನ್ನೂ ಬರೆಯುತ್ತೇವೆ. ಪೆನ್ಸಿಲ್‌ನಲ್ಲೂ ಚಿತ್ರ ಬರೆದ, ಎಣ್ಣೆಯಲ್ಲೂ ಚಿತ್ರ ಬರೆದ. ಡೆಗಾನಿಗೆ ಬೇಕಾಗಿದ್ದದ್ದೂ ಇಂಥದ್ದೇ ಒಂದು ದಾರಿ. ಬೇರೆಯವರು ಮೊದಲು ಗೆರೆ, ಆಮೇಲೆ ಬಣ್ಣ ಎಂದು ಹಂತ ಮಾಡುತ್ತಿದ್ದಾಗ, ಅವನ ಕೈಯಲ್ಲಿ ಬಣ್ಣದ ಕಡ್ಡಿಯೇ ಗೆರೆ ಎಳೆಯುತ್ತಿತ್ತು. ಆಂಗ್ರ ಹೇಳಿದ್ದನ್ನು ಮೀರದೆಯೇ ಬಣ್ಣದೊಳಗೆ ಇಳಿಯಲು ಅವನಿಗೆ ಸಿಕ್ಕ ದಾರಿ ಇದು.

ಅವನ ಒಂದು ವಿಚಿತ್ರ ಪದ್ಧತಿ ಮೊನೊಟೈಪ್. 1870ರ ದಶಕದ ನಡುವೆ ಗೆಳೆಯ ಲೆಪಿಕ್ ಜೊತೆ ಸೇರಿ ಇದನ್ನು ಹಿಡಿದ. ಲೋಹದ ತಗಡಿನ ಮೇಲೆ ಜಿಡ್ಡಿನ ಕಪ್ಪು ಶಾಯಿ ಬಳಿಯುವುದು. ಬಟ್ಟೆಯಿಂದ, ಬೆರಳಿನಿಂದ, ಕುಂಚದ ಹಿಡಿಕೆಯಿಂದ ಒರೆಸಿ ಬೆಳಕು ತೆಗೆಯುವುದು. ಅದರ ಮೇಲೆ ಒದ್ದೆ ಕಾಗದ ಇಟ್ಟು ಪ್ರೆಸ್‌ನಲ್ಲಿ ಒತ್ತಿದರೆ ಚಿತ್ರ ಕಾಗದಕ್ಕೆ ಇಳಿಯುತ್ತದೆ. ಒಂದೇ ಪ್ರತಿ ಚೆನ್ನಾಗಿ ಬರುತ್ತದೆ. ಇನ್ನೊಂದು ಕಾಗದ ಇಟ್ಟರೆ ಉಳಿದ ಶಾಯಿಯಿಂದ ಮಸುಕು ಪ್ರತಿಯೊಂದು ಸಿಗುತ್ತದೆ. ಆ ಮಸುಕನ್ನು ಬೇರೆಯವರು ಬಿಸಾಡುತ್ತಿದ್ದರೇನೋ. ಡೆಗಾ ಅದರ ಮೇಲೆ ಪೇಸ್ಟಲ್ ಹಾಕಿದ. ಕತ್ತಲು, ನೆರಳು, ಜಾಗದ ಆಳ ಎಲ್ಲ ಮೊದಲೇ ಇರುತ್ತಿತ್ತು, ಬಣ್ಣ ಮಾತ್ರ ಮೇಲೆ ಬಂದು ಕೂರುತ್ತಿತ್ತು.

ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿರುವ ‘ಎತ್ವಾಲ್’ ಚಿತ್ರ ಹೀಗೆ ಹುಟ್ಟಿದ್ದು. 1876ರ ಸುಮಾರಿನದು. ನೀವು ಮೇಲಿನ ಬಾಕ್ಸ್‌ನಲ್ಲಿ ಕೂತು ಕೆಳಗೆ ನೋಡುತ್ತಿದ್ದೀರಿ. ನಕ್ಷತ್ರ ನರ್ತಕಿ ಒಂದು ಕಾಲಿನ ಮೇಲೆ, ಕೈ ಚಾಚಿ, ನಿಮ್ಮ ಕಡೆ ತೇಲಿ ಬರುತ್ತಿದ್ದಾಳೆ. ಮುಖದ ಮೇಲೆ ಬೆಳಕು ಕೆಳಗಿನಿಂದ ಬಿದ್ದಿದೆ, ವೇದಿಕೆಯ ಅಂಚಿನ ದೀಪಗಳದ್ದು. ಚಿತ್ರದ ದೊಡ್ಡ ಭಾಗ ಬರೀ ಖಾಲಿ ನೆಲ. ಹಿಂದೆ ಪರದೆಗಳ ನಡುವೆ ಸರದಿಗಾಗಿ ಕಾಯುವ ಹುಡುಗಿಯರು, ನಾಲ್ಕು ಗೀಟಿನಲ್ಲಿ ಮುಗಿಸಿದ್ದಾನೆ. ಅವರ ಪಕ್ಕದಲ್ಲಿ ಒಬ್ಬ ಗಂಡಸು. ಕರೀ ಸೂಟು ಕಾಣುತ್ತದೆ, ಕಾಲು ಕಾಣುತ್ತದೆ, ತಲೆ ಪರದೆಯ ಹಿಂದೆ ಮರೆ. ನಕ್ಷತ್ರದ ಕತ್ತಿಗೆ ಕಟ್ಟಿದ ಕಪ್ಪು ಪಟ್ಟಿ ಗಾಳಿಗೆ ಹಾರುತ್ತಿದೆ. ಆ ಕಪ್ಪನ್ನೂ ಈ ಕಪ್ಪನ್ನೂ ಒಮ್ಮೆ ಒಟ್ಟಿಗೆ ನೋಡಿ. ಇಷ್ಟೆಲ್ಲ ಇರುವುದು 60 ಸೆಂಟಿಮೀಟರ್ ಕೂಡ ಎತ್ತರವಿಲ್ಲದ ಒಂದು ಕಾಗದದಲ್ಲಿ. ಚಿತ್ರಕಾರ ಕಾಯ್ಬಾಟ್ ಇದನ್ನು ಕೊಂಡುಕೊಂಡಿದ್ದ. ಅವನು ತನ್ನ ಸಂಗ್ರಹವನ್ನು ಸರ್ಕಾರಕ್ಕೆ ಬರೆದಿಟ್ಟು ಸತ್ತದ್ದರಿಂದ ಇದು ಫ್ರಾನ್ಸಿನಲ್ಲೇ ಉಳಿಯಿತು.

ಇಂಥದ್ದೇ ಇನ್ನೊಂದು ಅಮೆರಿಕಕ್ಕೆ ಹೋಯಿತು. 1870ರ ದಶಕದ ಕೊನೆಗೆ ಲುಯಿಸೀನ್ ಎಲ್ಡರ್ ಎಂಬ ಅಮೆರಿಕದ ಯುವತಿ, ಚಿತ್ರಕಾರ್ತಿ ಮೇರಿ ಕಸಾಟ್ ಹೇಳಿದಳೆಂದು 500 ಫ್ರಾಂಕ್ ಕೊಟ್ಟು ಮೊನೊಟೈಪ್ ಮೇಲೆ ಪೇಸ್ಟಲ್ ಹಾಕಿದ ಒಂದು ಬ್ಯಾಲೆ ಚಿತ್ರ ಕೊಂಡಳು. ಮದುವೆಯಾದ ಮೇಲೆ ಅವಳು ಹ್ಯಾವ್‌ಮೇಯರ್. ಮೆಟ್ರೊಪಾಲಿಟನ್‌ನಲ್ಲಿ ಇಂದು ಅಷ್ಟೊಂದು ಡೆಗಾ ಇರುವುದು ಬಹುಪಾಲು ಅವಳ ಕುಟುಂಬದಿಂದಲೇ.

ಪುಡಿ ಉದುರುವ ಸಮಸ್ಯೆಗೆ ವಾಪಸ್ ಬರೋಣ, ಯಾಕೆಂದರೆ ಡೆಗಾನ ನಿಜವಾದ ಜಾಣ್ಮೆ ಅಲ್ಲಿದೆ. ಅವನು ಪೇಸ್ಟಲ್ ಅನ್ನು ಪದರ ಪದರವಾಗಿ ಕಟ್ಟಿದ. ಒಂದು ಪದರ ಹಾಕುವುದು, ಅಂಟು ಚಿಮುಕಿಸಿ ಕೂರಿಸುವುದು. ಅದರ ಮೇಲೆ ಬೇರೆ ಬಣ್ಣದ ಗೆರೆಗಳು, ಕೆಳಗಿನದು ಸಂದಿಯಲ್ಲಿ ಕಾಣುವಂತೆ. ಮತ್ತೆ ಅಂಟು. ಮೇಲಿನ ಪದರವನ್ನು ಆದಷ್ಟು ಹಾಗೇ ಬಿಡುವುದು. ಕೆಳಗಿನ ಪದರ ಸ್ವಲ್ಪ ಮಂಕಾದರೂ ಪರವಾಗಿಲ್ಲ, ಅದು ನೆರಳಾಗಿ ಕೆಲಸ ಮಾಡುತ್ತದೆ, ಮೇಲಿನ ಒಣ ಪುಡಿ ಇನ್ನಷ್ಟು ಬೆಳಗುತ್ತದೆ. ಅವನಿಗೆ ಆ ಅಂಟನ್ನು ಕೊಟ್ಟವನು ಲುಯಿಜಿ ಕಿಯಾಲಿವಾ ಎಂಬ ಇಟಲಿಯ ಚಿತ್ರಕಾರ ಗೆಳೆಯ. ಅದರ ಪಾಕ ಕಿಯಾಲಿವಾ ಜೊತೆಗೇ ಹೋಯಿತು.

ಇನ್ನೊಂದು ಉಪಾಯ ಕುದಿಯುವ ನೀರಿನ ಆವಿ. ಹಾಕಿದ ಪೇಸ್ಟಲ್ ಮೇಲೆ ಆವಿ ಹಾಯಿಸಿದರೆ ಪುಡಿ ಕರಗಿ ಲೇಹದಂತಾಗುತ್ತದೆ. ಕೂಡಲೇ ಕುಂಚ ಹಿಡಿದು ಅದನ್ನು ಎಳೆಯಬಹುದು, ತೆಳು ಮಾಡಬಹುದು. ಒಣಗಿದ ಮೇಲೆ ಮತ್ತೆ ಒಣ ಕಡ್ಡಿ. ಒಂದೇ ಲಂಗದಲ್ಲಿ ಒಂದು ಕಡೆ ನೀರಿನಂತೆ ಹರಿದ ಬಣ್ಣ, ಪಕ್ಕದಲ್ಲೇ ಒರಟು ಗೀಟು, ಎರಡೂ ಸಿಗುವುದು ಹೀಗೆ. ಪೇಸ್ಟಲ್, ಗುವಾಶ್ ಎಂಬ ನೀರಿನಲ್ಲಿ ಕಲಸುವ ದಪ್ಪ ಬಣ್ಣ, ಇದ್ದಿಲು, ಶಾಯಿ ಎಲ್ಲವನ್ನೂ ಅವನು ಒಂದೇ ಚಿತ್ರದಲ್ಲಿ ಬೆರೆಸುತ್ತಿದ್ದ. ಶುದ್ಧ ಪದ್ಧತಿ ಅನ್ನುವುದರ ಮೇಲೆ ಅವನಿಗೆ ಯಾವ ಮಮತೆಯೂ ಇರಲಿಲ್ಲ.

ವಯಸ್ಸಾದ ಮೇಲೆ ಅವನ ಬಹಳ ಚಿತ್ರಗಳು ಟ್ರೇಸಿಂಗ್ ಕಾಗದದ ಮೇಲೆ ಇವೆ. ಯಾಕೆ ಅಂದರೆ, ಇದ್ದಿಲಿನಲ್ಲಿ ಬರೆದ ನರ್ತಕಿಯ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಮತ್ತೆ ಬರೆಯಬಹುದು. ಕೈ ಒಂದು ಚೂರು ಮೇಲೆ, ತಲೆ ಒಂದು ಚೂರು ಆಚೆ. ಅದರ ಮೇಲೆ ಇನ್ನೊಂದು ಹಾಳೆ. ಬೇಕಾದರೆ ಹಾಳೆ ತಿರುಗಿಸಿ ಬಲಕ್ಕೆ ನೋಡುವವಳನ್ನು ಎಡಕ್ಕೆ ನೋಡಿಸಬಹುದು. ಚೌಕ ಹಾಕಿ ಸಾಗಿಸುವ ಕೆಲಸ ಈಗ ಬೇಕಿಲ್ಲ. ಮೆಚ್ಚಿದ ಹಾಳೆಯನ್ನು ದಪ್ಪ ರಟ್ಟಿಗೆ ಅಂಟಿಸಿ ಬಣ್ಣ ಶುರು. ಜಾಗ ಸಾಲದಿದ್ದರೆ ಕೆಳಗೋ ಪಕ್ಕಕ್ಕೋ ಕಾಗದದ ಪಟ್ಟಿ ಸೇರಿಸುತ್ತಿದ್ದ. ಹತ್ತಿರದಿಂದ ನೋಡಿದರೆ ಆ ಜೋಡಣೆ ಈಗಲೂ ಕಾಣುತ್ತದೆ, ನರ್ತಕಿಯ ಕಾಲಿನ ನಡುವೆ ಒಂದು ಗೆರೆ ಹಾದು ಹೋಗಿರುತ್ತದೆ. ಒಂದೇ ವಿಷಯವನ್ನು ಹತ್ತು ಸಲ, ನೂರು ಸಲ ಮಾಡಬೇಕು, ಕಲೆಯಲ್ಲಿ ಯಾವುದೂ ಆಕಸ್ಮಿಕ ಅನ್ನಿಸಬಾರದು, ಚಲನೆ ಕೂಡ, ಎಂದು 1886ರಲ್ಲಿ ಗೆಳೆಯನಿಗೆ ಬರೆದಿದ್ದ.

ಕಂಬಿ ಹಿಡಿದು ಒಂದೇ ಕಾಲನ್ನು ದಿನಕ್ಕೆ ನೂರು ಸಲ ಎತ್ತುವ ಆ ಮಕ್ಕಳ ಅಭ್ಯಾಸವೂ ಇವನ ಟ್ರೇಸಿಂಗ್ ಹಾಳೆಗಳೂ ನನಗೆ ಒಂದೇ ಕೆಲಸವಾಗಿ ಕಾಣುತ್ತವೆ. ಅವನು ಅವರ ಸುಸ್ತನ್ನು ಅಷ್ಟು ಸರಿಯಾಗಿ ಬರೆದದ್ದು ಬರೀ ನೋಡಿ ಅಲ್ಲ ಅನ್ನಿಸುತ್ತದೆ. ಸೊಂಟಕ್ಕೆ ಕೈ ಕೊಟ್ಟು ನಿಂತವಳು, ಬೆನ್ನು ಕೆರೆದುಕೊಳ್ಳುವವಳು, ಆಕಳಿಸುವವಳು, ಕಾಲುಗಂಟು ಒತ್ತಿಕೊಳ್ಳುವವಳು, ಇಂಥವರೇ ಅವನಲ್ಲಿ ಜಾಸ್ತಿ. 1882ರ ಸುಮಾರಿನ ‘ಕಾಯುವಿಕೆ’ ಎಂಬ ಪೇಸ್ಟಲ್‌ನಲ್ಲಿ ಬೆಂಚಿನ ಮೇಲೆ ಇಬ್ಬರು ಕೂತಿದ್ದಾರೆ. ಬಿಳಿ ಲಂಗದ ಹುಡುಗಿ ಬಗ್ಗಿ ಕಾಲುಗಂಟು ಹಿಡಿದುಕೊಂಡಿದ್ದಾಳೆ. ಪಕ್ಕದಲ್ಲಿ ಕರೀ ಬಟ್ಟೆಯ ಹೆಂಗಸು, ಛತ್ರಿಯ ತುದಿ ನೆಲಕ್ಕೆ ಊರಿದ್ದಾಳೆ. ಇಬ್ಬರೂ ಮಾತಾಡುತ್ತಿಲ್ಲ. ಅದನ್ನು ಕ್ಯಾಲಿಫೋರ್ನಿಯಾದ ಎರಡು ಮ್ಯೂಸಿಯಂಗಳು, ಗೆಟ್ಟಿ ಮತ್ತು ನಾರ್ಟನ್ ಸೈಮನ್, ಜೊತೆಯಾಗಿ ಇಟ್ಟುಕೊಂಡಿವೆ.

ಆದರೆ ಅವನು ಕರುಣೆಯಿಂದ ಬರೆದ ಎಂದು ಹೇಳಿ ಮುಗಿಸುವುದು ಸುಳ್ಳಾಗುತ್ತದೆ. ಮಾರಿ ವಾನ್ ಗೋಥೆಮ್ ಎಂಬ ಹುಡುಗಿಯ ವಿಷಯ ನೋಡಿ. 1865ರಲ್ಲಿ ಹುಟ್ಟಿದವಳು, ಅಮ್ಮ ಬಟ್ಟೆ ಒಗೆಯುವವಳು. ಡೆಗಾನಿಗೆ ಮಾದರಿಯಾಗಿ ನಿಲ್ಲುತ್ತಿದ್ದಳು. ಸೀಮೆಸುಣ್ಣ, ಇದ್ದಿಲುಗಳಲ್ಲಿ ಅವಳನ್ನು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ, ಸುತ್ತಲೂ ಬರೆದ. ಆ ಹಾಳೆಗಳಿಂದ ಮೇಣದ ಶಿಲ್ಪವೊಂದು ಎದ್ದಿತು, ನಿಜವಾದ ಬಟ್ಟೆಯ ಲಂಗ, ನಿಜವಾದ ರಿಬ್ಬನ್ ಸಮೇತ. 1881ರ ಪ್ರದರ್ಶನದಲ್ಲಿ ‘ಹದಿನಾಲ್ಕರ ಪುಟ್ಟ ನರ್ತಕಿ’ ಎಂಬ ಹೆಸರಲ್ಲಿ ಇಟ್ಟ. ಕೆಲವು ವಿಮರ್ಶಕರು ಅವಳನ್ನು ಕೋತಿ ಎಂದರು, ಮುಖದಲ್ಲೇ ಕೆಡುಕು ಇದೆ ಎಂದರು. ಮರುವರ್ಷ ಒಪೆರಾ ಅವಳನ್ನು ಕೆಲಸದಿಂದ ತೆಗೆಯಿತು. ಅವಳ ತಂಗಿ ಮಾತ್ರ ಅಲ್ಲೇ ಉಳಿದು ಮುಂದೆ ಪಾಠ ಹೇಳುವ ಮಟ್ಟಕ್ಕೆ ಬಂದಳು. ಡೆಗಾನ ಸ್ವಭಾವವೂ ಮೃದುವಾಗಿರಲಿಲ್ಲ. ಡ್ರೇಫಸ್ ಎಂಬ ಯಹೂದಿ ಸೇನಾಧಿಕಾರಿಯ ಮೇಲೆ ದೇಶದ್ರೋಹದ ಸುಳ್ಳು ಆರೋಪ ಹೊರಿಸಿದ ಪ್ರಕರಣದ ಕಾಲದಲ್ಲಿ ಯಹೂದಿ ದ್ವೇಷಕ್ಕೆ ಇಳಿದು, ಯಹೂದಿ ಮೂಲದ ಹಳೆಯ ಗೆಳೆಯರಾದ ಅಲೆವಿ ಕುಟುಂಬವನ್ನೇ ಬಿಟ್ಟ. ಇದು ನನಗೆ ನುಂಗಲಾಗದ ವಿಷಯ. ಆ ಹಾಳೆಗಳ ಮುಂದೆ ನಿಂತಾಗಲೂ ಇದು ನೆನಪಿರುತ್ತದೆ.

1890ರ ದಶಕದಲ್ಲಿ ಅವನ ಕಣ್ಣು ಇನ್ನೂ ಕೆಟ್ಟಿತು. ಗೆರೆ ದಪ್ಪವಾಯಿತು, ಸಣ್ಣ ವಿವರಗಳು ಹೋದವು, ಬಣ್ಣ ಮಾತ್ರ ಉರಿಯತೊಡಗಿತು. ಮಾಸ್ಕೋದ ಪುಷ್ಕಿನ್ ಮ್ಯೂಸಿಯಂನಲ್ಲಿರುವ ‘ನೀಲಿ ನರ್ತಕಿಯರು’ 1897ರ ಸುಮಾರಿನದು. ನಾಲ್ವರು ನೀಲಿ ಲಂಗದವರು ಒತ್ತೊತ್ತಾಗಿ ನಿಂತು ಬಟ್ಟೆ ಸರಿಮಾಡಿಕೊಳ್ಳುತ್ತಿದ್ದಾರೆ. ನಾಲ್ವರೋ, ಒಬ್ಬಳೇ ನಾಲ್ಕು ಸಲ ತಿರುಗಿದಳೋ ಎನ್ನುವಂತಿದೆ. 1899ರಲ್ಲಿ ಹಳ್ಳಿ ಉಡುಪಿನ ಪೂರ್ವ ಯುರೋಪಿನ ನರ್ತಕಿಯರನ್ನು ಬರೆದ. ಬಹುಕಾಲ ‘ರಷ್ಯನ್ ನರ್ತಕಿಯರು’ ಎಂದು ಕರೆಯುತ್ತಿದ್ದ ಅದರ ಒಂದು ಚಿತ್ರಕ್ಕೆ 2022ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ ‘ಉಕ್ರೇನಿನ ನರ್ತಕಿಯರು’ ಎಂದು ಹೆಸರು ಬದಲಿಸಿತು. 1912ರ ಹೊತ್ತಿಗೆ ಅವನ ಕೆಲಸ ನಿಂತೇ ಹೋಯಿತು. ಅದೇ ವರ್ಷ, ಕಂಬಿಯ ಹತ್ತಿರ ಅಭ್ಯಾಸ ಮಾಡುವ ಇಬ್ಬರು ನರ್ತಕಿಯರ ಅವನ ಹಳೆಯ ಚಿತ್ರ ಪ್ಯಾರಿಸ್ ಹರಾಜಿನಲ್ಲಿ 4,35,000 ಫ್ರಾಂಕ್‌ಗೆ ಹೋಯಿತು. ಅದರ ಮೂಲೆಯಲ್ಲಿ ನೀರು ಚಿಮುಕಿಸುವ ಒಂದು ಡಬ್ಬ ಇದೆ. ಕುಣಿಯುವಾಗ ಧೂಳು ಏಳದಿರಲಿ ಎಂದು ಹಲಗೆ ನೆಲಕ್ಕೆ ಹಾಗೆ ನೀರು ಹಾಕುತ್ತಿದ್ದರು.

ಅವನು ಸತ್ತ ಮೇಲೆ 1918 ಮತ್ತು 1919ರಲ್ಲಿ ಸ್ಟುಡಿಯೋದ ರಾಶಿಯನ್ನು ನಾಲ್ಕು ಹರಾಜುಗಳಲ್ಲಿ ಮಾರಿದರು. ಸಹಿ ಇಲ್ಲದ ಹಾಳೆಗಳಿಗೆ ಕೆಂಪು ಶಾಯಿಯಲ್ಲಿ ‘ಡೆಗಾ’ ಎಂಬ ಮುದ್ರೆ ಒತ್ತಿದರು. ಚಿತ್ರದ ಕೆಳಗಿನ ಎಡ ಮೂಲೆಯಲ್ಲಿ ಆ ಕೆಂಪು ಮುದ್ರೆ ಕಂಡರೆ, ಅವನು ಬದುಕಿರುವಾಗ ಕೈಬಿಡದ ಹಾಳೆ ಅದು ಎಂದು ತಿಳಿಯಬಹುದು.

ಇವನ್ನು ಇಟ್ಟುಕೊಳ್ಳುವುದು ಮ್ಯೂಸಿಯಂಗಳಿಗೆ ಸುಲಭವಲ್ಲ. ಗಾಡಿಯಲ್ಲಿ ಅಲುಗಿದರೆ ಪುಡಿ ಉದುರುತ್ತದೆ, ಹಾಗಾಗಿ ಊರಿಂದೂರಿಗೆ ಕಳಿಸಲು ಹಿಂಜರಿಯುತ್ತಾರೆ. ಟ್ರೇಸಿಂಗ್ ಕಾಗದ ಹಳದಿಗಟ್ಟಿ ಮುರುಕಾಗುತ್ತದೆ. ಗುಲಾಬಿ ಕಾಗದ ಹೇಗೆ ಮಾಸಿತೋ ಪೇಸ್ಟಲ್‌ನ ಕೆಲವು ಬಣ್ಣಗಳೂ ಬೆಳಕಿಗೆ ಹಾಗೇ ಮಾಸುತ್ತವೆ. ಅದಕ್ಕೇ ಇಂಥ ಚಿತ್ರಗಳಿಗೆ ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆ) ನಷ್ಟು ಮಂದ ಬೆಳಕು ಮಾತ್ರ ಇಡುತ್ತಾರೆ. ಎಂದಾದರೂ ಅಂಥ ಕೋಣೆಗೆ ಹೋದರೆ ಕತ್ತಲು ಎಂದು ಬೇಗ ಹೊರಬರಬೇಡಿ. ಒಂದೆರಡು ನಿಮಿಷ ಸುಮ್ನೆ ನಿಲ್ಲಿ. ಕಣ್ಣು ಹೊಂದಿಕೊಂಡ ಹಾಗೆ ಬೂದಿಯಂತಿದ್ದದ್ದು ನೀಲಿಯಾಗುತ್ತದೆ, ನೀಲಿಯ ಸಂದಿಯಲ್ಲಿ ಹಸಿರು ಬರುತ್ತದೆ, ಅದರ ಅಡಿಯಲ್ಲಿ ಇದ್ದಿಲಿನ ಗೆರೆ ಕಾಣುತ್ತದೆ, ಎರಡು ಸಲ ಎಳೆದದ್ದು.